ಮುದ್ದೆ ಉಣ್ಣದ ಗಂಡು

ರಕ್ತಪಿಶಾಚಿಯೊಬ್ಬನ ಪ್ರೇಮಕಥೆಯನ್ನು ನಮ್ಮತ್ತೆಗೆ ಓದಿ ಹೇಳಿದ ಮೇಲೆ ನನಗೆ ಮನದಟ್ಟಾದದ್ದು ಇದು: ಗಂಡಸು ರಕ್ತ ಕುಡಿಯುವುದು ಅವರ ದೃಷ್ಟಿಯಲ್ಲಿ ಅಂಥ ದೊಡ್ಡ ತಪ್ಪಲ್ಲ, ಮುದ್ದೆ ಉಣ್ಣದಿರುವುದು ತಪ್ಪು. ರಕ್ತದ ವಿಷಯ ಬಂದಾಗ ಅವರು ಎಲೆಯಡಿಕೆ ಜಗಿಯುತ್ತಲೇ, ಒಬ್ಬೊಬ್ಬರಿಗೆ ಒಂದೊಂದು ಚಟ ಇರುತ್ತದೆ, ಮದುವೆಯಾದ ಮೇಲೆ ಸರಿಹೋಗುತ್ತದೆ ಅಂದರು. ಆದರೆ ನಾನೂರು ವರ್ಷದಿಂದ ಆತ ಅನ್ನಾಹಾರ ಮುಟ್ಟಿಲ್ಲ ಎಂಬ ಸಾಲು ಬಂದಾಗ ಜಗಿಯುವುದನ್ನು ನಿಲ್ಲಿಸಿಬಿಟ್ಟರು.

"ಮನೆಗೆ ಬಂದೋನು ಒಂದು ಮುದ್ದೆ ಮುರಿಯಾಕಿಲ್ಲ ಅಂದ್ರೆ, ಅವನ್ನ ಅಳಿಯ ಅಂತ ಎಂಗೆ ಕೂರ್ಸೋದು ಕಣಮ್ಮ?"

ಕಾದಂಬರಿಗಳ ಬಗ್ಗೆ ವಿಮರ್ಶೆ ಬರೆಯುವವರನ್ನು ನಾನು ಸಾಕಷ್ಟು ಓದಿದ್ದೇನೆ. ವಸ್ತು, ತಂತ್ರ, ಆಶಯ ಎಂದೆಲ್ಲ ಬರೆಯುತ್ತಾರೆ. ಈ ಪ್ರಶ್ನೆಯನ್ನು ಅವರಲ್ಲಿ ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ.

ನಮ್ಮ ಮನೆ ಮಂಡ್ಯದ ಗುತ್ತಲಿನಲ್ಲಿದೆ. ನಾನು ಮದ್ದೂರಿನ ಒಂದು ಕಚೇರಿಗೆ ದಿನವೂ ರೈಲಿನಲ್ಲಿ ಹೋಗಿ ಬರುವವಳು. ಮಗಳು ಮಳವಳ್ಳಿಯ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ, ಅವಳದು ಬಸ್ಸು. ನನ್ನ ಯಜಮಾನರು ಮನೆಯಲ್ಲಿದ್ದಾರೋ ಇಲ್ಲವೋ ಎಂಬುದನ್ನು ಬಾಗಿಲಲ್ಲಿ ಚಪ್ಪಲಿ ನೋಡಿಯೇ ತಿಳಿಯಬೇಕು, ಅಷ್ಟು ಮಾತು ಕಮ್ಮಿ. ಮನೆಯ ಮಾತೆಲ್ಲ ಅತ್ತೆಯದು. ಓದೂ ಅವರದೇ ಆಗಿತ್ತು. ಹೊಳಲಿನಲ್ಲಿ ಹುಟ್ಟಿ ಬೆಳೆದು, ಸ್ಕೂಲು ಬಿಡಿಸಿದ ಮೇಲೂ ಓದು ಬಿಡದ ಹೆಂಗಸು. ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದಿ, ಮುಂದಿನ ಭಾಗ ಎಲ್ಲಿ ಎಂದು ಕಡಲೆಕಾಯಿ ಮಾರುವವನನ್ನು ಕೇಳಿದವರು. ನಾನು ಮದುವೆಯಾಗಿ ಬಂದ ದಿನ, ಅಡುಗೆ ಬರುತ್ತದಾ ಎಂದು ಕೇಳುತ್ತಾರೆ ಅಂತ ನಡುಗುತ್ತಾ ಕೂತಿದ್ದೆ. ಅವರು ಕೇಳಿದ್ದು, ಓದ್ತೀಯಾ ಎಂದು. ಹೂಂ ಎಂದಿದ್ದಕ್ಕೆ ಒಂದು ಹಳೇ ಕಾದಂಬರಿ ತಂದು ನನ್ನ ಮಡಿಲಲ್ಲಿ ಹಾಕಿದರು. ಆವತ್ತಿನಿಂದ ನಾವಿಬ್ಬರೂ ಜಗಳವಾಡಿದ್ದೆಲ್ಲ ಹೆಚ್ಚಾಗಿ ಕಥೆಗಳಲ್ಲಿ ಬರುವ ಹೆಂಗಸರ ಮೇಲೆಯೇ.

ಆಮೇಲೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಬಂದದ್ದನ್ನು ಯಾರಿಗೂ ಹೇಳಲಿಲ್ಲ. ಕ್ಯಾಲೆಂಡರಿನ ಮುಂದೆ ನಿಂತು, ಹಬ್ಬ ಯಾವತ್ತು ಎಂದು ನನ್ನನ್ನು ಕೇಳತೊಡಗಿದರು. ಪೇಪರು ಬಂದರೆ, ಇದರಲ್ಲಿ ಏನೂ ಇರುವುದಿಲ್ಲ ಎಂದು ಪಕ್ಕಕ್ಕೆ ಸರಿಸತೊಡಗಿದರು. ಡಾಕ್ಟರು ನೋಡಿ, ಸಣ್ಣ ಆಪರೇಷನ್ನು, ಅವತ್ತೇ ಮನೆಗೆ ಹೋಗಬಹುದು ಅಂದರು. ಅತ್ತೆ ಒಪ್ಪಲಿಲ್ಲ. ನಾನು ನಯವಾಗಿ ಹೇಳಿದೆ, ಕೂಗಾಡಿದೆ, ಊಟ ಬಿಟ್ಟೆ. ಊಟ ಬಿಟ್ಟದ್ದು ಅವರಿಗೆ ಕಾಣಲಿಲ್ಲವಾದ್ದರಿಂದ ಉಪಯೋಗಕ್ಕೆ ಬರಲಿಲ್ಲ.

ಅವರದು ಒಂದೇ ಮಾತು. "ನೋಡ್ಬೇಕಾದ್ದೆಲ್ಲ ನೋಡಾಯ್ತು ಕಣಮ್ಮ. ಇನ್ನೇನೈತೆ ನೋಡಾಕೆ?"

ಈ ಮಾತು ಕೇಳಿದಾಗೆಲ್ಲ ನನ್ನ ಮೈ ಉರಿಯುತ್ತಿತ್ತು. ದಿನವೂ ಮನೆಯಲ್ಲಿ ಓಡಾಡುವ ನಾವು ಮೂರು ಜನ ಕಣ್ಣೆದುರಿಗೇ ಇದ್ದೆವಲ್ಲ.

ಇಂಥ ಸಮಯದಲ್ಲಿ ಆ ಪುಸ್ತಕ ಮನೆಗೆ ಬಂತು. ಮಗಳ ಶಾಲೆಯ ಟೀಚರುಗಳು ಪಾಠದ ಪುಸ್ತಕದ ರಟ್ಟು ಹಾಕಿ ಕೈಯಿಂದ ಕೈಗೆ ದಾಟಿಸುತ್ತಿದ್ದ ಪುಸ್ತಕ ಅದು. ಇಟ್ಟಿಗೆಯಷ್ಟು ದಪ್ಪ. ರಟ್ಟು ತೆಗೆದರೆ ಒಳಗೆ ಉದ್ದ ಕತ್ತಿನ ಹುಡುಗಿಯ ಚಿತ್ರ, ಅವಳ ಹಿಂದೆ ಸುಣ್ಣ ಬಳಿದ ಗೋಡೆಯಂಥ ಮುಖದ ಹುಡುಗ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪುಣ್ಯಾತ್ಮರು ಬಾಗಿಲು ಎನ್ನಬೇಕಾದ ಕಡೆಯೆಲ್ಲ ದ್ವಾರ ಎಂದಿದ್ದರು. ಆ ಹುಡುಗಿ ಎಲ್ಲಿಗೂ ಹೋಗುತ್ತಿರಲಿಲ್ಲ, ಪಾದ ಬೆಳೆಸುತ್ತಿದ್ದಳು. ಐವತ್ತು ದಾಟಿದವಳು ಓದುವ ಪುಸ್ತಕವೇ ಇದು ಎಂದು ಮಗಳಿಗೆ ಬೈದು, ಮಾರನೆಯ ದಿನ ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ರೈಲಿನಲ್ಲಿ ವಡೆ ಮಾರುವವನು ಭುಜ ತಟ್ಟಿ, ಅಮ್ಮ ಮದ್ದೂರು ಬಂತು ಎಂದು ಹೇಳದಿದ್ದರೆ ನಾನು ಅವತ್ತು ಚನ್ನಪಟ್ಟಣಕ್ಕೆ ಪಾದ ಬೆಳೆಸುತ್ತಿದ್ದೆ.

ಕಥೆ ಇಷ್ಟು. ತಂದೆತಾಯಿ ಇಲ್ಲದ ಒಬ್ಬ ಹುಡುಗಿ, ಬಟ್ಟೆ ಹೊಲಿದು ಬದುಕುವವಳು. ಹೊಳೆಯಾಚೆಯ ಬೆಟ್ಟದ ಕೋಟೆಮನೆಯವರು ಕಿಟಕಿಗೆಲ್ಲ ಕಪ್ಪು ಪರದೆ ಹೊಲಿದುಕೊಡು ಎಂದು ಅವಳನ್ನು ಕರೆಸುತ್ತಾರೆ. ಆ ಮನೆಯ ಒಡೆಯ ಹಗಲು ಹೊರಗೆ ಬರುವುದಿಲ್ಲ, ಊಟ ಮಾಡುವುದಿಲ್ಲ, ಕನ್ನಡಿಯಲ್ಲಿ ಕಾಣುವುದಿಲ್ಲ, ನಾನೂರು ವರ್ಷವಾದರೂ ಇಪ್ಪತ್ತೈದರ ಹಾಗೇ ಇದ್ದಾನೆ. ಸೂಜಿ ಚುಚ್ಚಿ ಅವಳ ಬೆರಳಲ್ಲಿ ರಕ್ತ ಬಂದಾಗ ಅವನು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾನೆ. ಅದೇ ಪ್ರೀತಿ.

ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನಾನು ಅದನ್ನೇ ಓದಿಕೊಳ್ಳುತ್ತಾ ಒಬ್ಬಳೇ ನಗುತ್ತಿದ್ದೆ. ಅತ್ತೆ ಅವರೆಕಾಳು ಹಿಸುಕುತ್ತಿದ್ದವರು, ಅದೇನು ಗಟ್ಟಿಯಾಗಿ ಓದು ಅಂದರು. ನಿಮಗೆ ಇಷ್ಟವಾಗುವಂಥದ್ದಲ್ಲ ಅಂದೆ. ಅದನ್ನು ಹೇಳಬೇಕಾದವಳು ನಾನು ಅಂದರು. ಹಾಗೆ ಶುರುವಾಯಿತು.

ನಾನು ಸಾಲು ಓದುವುದು, ಅವರು ಪ್ರಶ್ನೆ ಕೇಳುವುದು. ಹುಡುಗನಿಗೆ ಅಣ್ಣತಮ್ಮಂದಿರಿದ್ದಾರಾ? ಇಲ್ಲ. ಹಾಗಾದರೆ ಆಸ್ತಿ ಭಾಗ ಆಗಿಲ್ಲ, ಒಳ್ಳೆಯದು. ಕೋಟೆಯ ಸುತ್ತ ಜಮೀನು ಎಷ್ಟಿದೆ? ಬರೆದಿಲ್ಲ. ಬರೆಯದೇ ಇದ್ದರೆ ಹೇಗೆ, ನೀರಾವರಿಯೋ ಖುಷ್ಕಿಯೋ ಅದಾದರೂ ಗೊತ್ತಾಗಬೇಡವೇ? ಕನ್ನಡಿಯಲ್ಲಿ ಕಾಣದವನು ಬೈತಲೆ ತೆಗೆದು ನೀಟಾಗಿ ತಲೆ ಬಾಚಿಕೊಂಡಿದ್ದ ಎಂದು ಬರೆದಿದ್ದರಲ್ಲ, ಅಲ್ಲಿ ಅತ್ತೆ ನನ್ನನ್ನು ತಡೆದರು. ಯಾರು ಬಾಚಿದ್ದು ಎಂದು ಕೇಳಿದರು. ನಾನು ಬಿ.ಎ. ಓದಿದವಳು, ನನಗೆ ಆ ಅನುಮಾನವೇ ಬಂದಿರಲಿಲ್ಲ.

ಕರೆಯದೆ ಯಾರ ಮನೆಯ ಹೊಸ್ತಿಲನ್ನೂ ಅವನು ದಾಟುವ ಹಾಗಿಲ್ಲ ಎಂಬ ನಿಯಮ ಅವರಿಗೆ ಬಹಳ ಹಿಡಿಸಿತು. ಸಂಸ್ಕಾರವಂತರ ಮನೆತನ, ನಮ್ಮ ನೆಂಟರಿಗೂ ಈ ರೋಗ ಬರಬಾರದೇ ಅಂದರು. ಬೆಳ್ಳುಳ್ಳಿ ಕಂಡರೆ ಆಗುವುದಿಲ್ಲ ಎಂಬುದು ಹಿಡಿಸಲಿಲ್ಲ. ಬೆಳ್ಳುಳ್ಳಿ ಇಲ್ಲದೆ ಆ ಹುಡುಗಿ ಬಸ್ಸಾರು ಹೇಗೆ ಮಾಡಿಯಾಳು ಎಂದು ಅವರಿಗೆ ರಾತ್ರಿ ಊಟದಲ್ಲೂ ಅದೇ ಚಿಂತೆ. ಮನುಷ್ಯರನ್ನು ಬಿಟ್ಟು ಕುರಿಮೇಕೆಯ ರಕ್ತ ಕುಡಿದು ಅವನು ಸಂಯಮದಿಂದಿದ್ದಾನೆ ಎಂಬ ಅಧ್ಯಾಯ ಬಂದಾಗಲಂತೂ ಅವರಿಗೆ ಅವನ ಮೇಲೆ ಮರುಕವೇ ಹುಟ್ಟಿತು. ಕುರಿ ಕುಯ್ದ ದಿನ ನಾವೂ ರಕ್ತ ಬಿಡುವುದಿಲ್ಲ, ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಹುರಿಯುತ್ತೇವೆ. ಪಾಪ ಅವನಿಗೆ ಹುರಿದುಕೊಡುವವರಿಲ್ಲ, ಹಸಿಯದೇ ಕುಡಿಯುತ್ತಾನೆ ಅಂದರು. ಅದಕ್ಕೆ ಪರಿಹಾರವನ್ನೂ ಅವರೇ ಕಂಡುಹಿಡಿದರು.

"ಒಂದ್ಸಲ ಮುತ್ತತ್ತಿಗೆ ಕರ್ಕಂಡೋಗ್ಬೇಕು. ಆಂಜನೇಯನ ಮುಂದೆ ನಿಲ್ಸುದ್ರೆ ಪಿಸಾಚಿ ತಾನಾಗೇ ಬುಟ್ಟೋಯ್ತದೆ. ಆಮೇಲೆ ಒಳೆ ದಂಡೇಲಿ ಬಾಡೂಟ ಆಕ್ಸುದ್ರೆ ಉಣ್ಣೋದ್ನೂವೆ ಕಲೀತಾನೆ."

ಕಾದಂಬರಿ ಬರೆದವರು ಮುನ್ನೂರು ಪುಟದಲ್ಲಿ ಎಳೆದದ್ದನ್ನು ಅತ್ತೆ ಒಂದು ಭಾನುವಾರದ ಮುತ್ತತ್ತಿ ಪ್ರಯಾಣದಲ್ಲಿ ಮುಗಿಸಿಬಿಟ್ಟಿದ್ದರು. ನಿಜ ಹೇಳುತ್ತೇನೆ, ಅಷ್ಟು ಸಂತೋಷದಿಂದ ನಾನು ಯಾವ ಪುಸ್ತಕವನ್ನೂ ಓದಿರಲಿಲ್ಲ. ಒಳ್ಳೆಯ ಪುಸ್ತಕಗಳನ್ನೂ.

ಆದರೆ ಒಂದು ದಿನ ಕಚೇರಿಯಿಂದ ಬೇಗ ಬಂದೆ. ಅತ್ತೆ ಜಗಲಿಯಲ್ಲಿ ಬಿಸಿಲಿಗೆ ಕೂತು, ಆ ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದರು. ಮೊಮ್ಮಗಳ ಭೂತಗನ್ನಡಿಯನ್ನೂ ಹಿಡಿದಿದ್ದರು. ಪುಟವನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಆಮೇಲೆ ಸೆರಗಿನಿಂದ ಪುಟವನ್ನು ಒರೆಸಿದರು, ಮಸುಕು ಕಾಗದದ್ದೇನೋ ಎಂಬಂತೆ. ನನಗೆ ಅಳು ಬಂತು. ಅಳು ಬಂದರೆ ನನಗೆ ಅದರ ಹಿಂದೆಯೇ ಸಿಟ್ಟು ಬರುತ್ತದೆ. ಒಂದು ಸಣ್ಣ ಆಪರೇಷನ್ನಿಗೆ ಹೆದರಿ ಈ ಹೆಂಗಸು ತನ್ನ ಪ್ರಾಣದಂಥ ಓದನ್ನು ಬಿಟ್ಟು ಕೂತಿದೆಯಲ್ಲ ಎಂದು ಹಲ್ಲು ಕಡಿದೆ. ಅವತ್ತೇ ತೀರ್ಮಾನ ಮಾಡಿದೆ.

ಕಥೆ ಆಗ ಒಳ್ಳೆಯ ಘಟ್ಟದಲ್ಲಿತ್ತು. ಅಮಾವಾಸ್ಯೆಯ ದಿನ ಹುಡುಗಿ ಕೋಟೆಯ ಪಡುವಣ ಗೋಪುರಕ್ಕೆ ಬರಬೇಕು. ಅವನಂತೆಯೇ ಆಗಿ ಎಂದೆಂದೂ ಅವನ ಜೊತೆಯಿರುತ್ತಾಳೋ, ಮನುಷ್ಯಳಾಗಿಯೇ ಊರಿಗೆ ಹಿಂತಿರುಗುತ್ತಾಳೋ, ಅಲ್ಲಿ ಹೇಳಬೇಕು. ಅವಳು ಮೆಟ್ಟಿಲು ಹತ್ತಿ ದ್ವಾರವನ್ನು ತಳ್ಳಿದಳು ಎಂಬಲ್ಲಿ ನಾನು ಪುಸ್ತಕ ಮುಚ್ಚಿದೆ. ಇನ್ನು ಮುಂದೆ ನೀವೇ ಓದಿಕೊಳ್ಳಿ, ಕಣ್ಣು ಮಾಡಿಸಿಕೊಂಡು ಬಂದು. ನಾನೂ ಮುಂದಕ್ಕೆ ಓದುವುದಿಲ್ಲ, ಆಣೆ, ಎಂದೆ.

ಮನೆಯಲ್ಲಿ ಯುದ್ಧವಾಯಿತು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಉಪ್ಪು ಬೇಕಾದರೆ ಗೋಡೆಗೆ ಹೇಳುತ್ತಿದ್ದರು. ಮೊಮ್ಮಗಳನ್ನು ಪುಸಲಾಯಿಸಿ ನೋಡಿದರು, ಅವಳು ನನ್ನ ಕಡೆ. ಕೊನೆಗೆ ಮಗನನ್ನು ಹಿಡಿದರು. ನನ್ನ ಯಜಮಾನರು ತಾಯಿಯ ಮಾತು ಮೀರಲಾರದೆ ಪುಸ್ತಕ ತೆಗೆದುಕೊಂಡು, ಕೈಗೆ ಸಿಕ್ಕ ಪುಟ ಬಿಡಿಸಿ, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂದದ್ದನ್ನು ಕೂಗುವ ದನಿಯಲ್ಲಿ, ನಿನ್ನ ಕಂಠದ ಮಿಡಿತವೇ ನನ್ನ ಬಾಳಿನ ಸಂಗೀತ ಎಂದು ಓದಿದರು. ಅರ್ಧ ಪುಟ ಆಗುವಷ್ಟರಲ್ಲಿ ಅವರ ಮುಖವೆಲ್ಲ ಕೆಂಪಾಗಿ, ಮೋಟಾರು ಹಾಕಿ ಬಂದಿದ್ದೇನೆ ಎಂದು ಎದ್ದು ಹೋದರು. ಮೋಟಾರು ಹಾಕಲು ನಮಗೆ ಈ ಊರಿನಲ್ಲಿ ಜಮೀನೇ ಇಲ್ಲ.

ಈ ಮಧ್ಯೆ ನನಗೆ ಗೊತ್ತಿಲ್ಲದ ಒಂದು ಕೆಲಸ ನಡೆದಿತ್ತು. ಅತ್ತೆ ದಿನವೂ ಹೊಳಲಿನಲ್ಲಿರುವ ತಂಗಿಗೆ ಫೋನು ಮಾಡುತ್ತಾರೆ. ನಮಗೆಲ್ಲ ಅವರು ಚಿಕ್ಕತ್ತೆ. ಅಂದಂದು ಓದಿದ್ದನ್ನು ಅಂದಂದೇ ತಂಗಿಗೆ ಒಪ್ಪಿಸುವುದು ಅತ್ತೆಯ ಹಳೆಯ ಅಭ್ಯಾಸ. ಪೊರೆ ಬಂದ ಮೇಲೆ ಅದು ನಿಂತಿತ್ತು, ಈಗ ಮತ್ತೆ ಓದು ಶುರುವಾಗಿದೆ ಎಂದು ತಂಗಿಗೆ ಗೊತ್ತಿರಲಿಲ್ಲ. ಆದರೆ ಕಥೆಯ ಹುಡುಗಿಯನ್ನು ಅವರು ಎಂದೂ ಹೆಸರು ಹಿಡಿದು ಕರೆಯುವುದಿಲ್ಲ. ಹತ್ತು ಪುಟ ದಾಟಿದರೆ ಸಾಕು, ಅವಳು ನಮ್ಮ ಹುಡುಗಿ ಆಗಿಬಿಡುತ್ತಾಳೆ. ನಮ್ಮ ಹುಡುಗಿ ಒಪ್ಪಿಕೊಂಡುಬಿಟ್ಟಿದ್ದಾಳೆ, ಗಂಡು ಬೆಳ್ಳಗಿದ್ದಾನೆ, ಒಬ್ಬನೇ ವಾರಸುದಾರ, ಹೊಳೆಯಾಚೆ ದೊಡ್ಡ ಮನೆ. ವಯಸ್ಸು ಒಂದಿಷ್ಟು ಜಾಸ್ತಿ, ಆದರೆ ಕಾಣುವುದಿಲ್ಲ. ಹೀಗೆ.

ನಮ್ಮ ಕಡೆ ಸಂಬಂಧ ಮಾತಾಡುವಾಗ ವೀಳ್ಯ ಬದಲಾಯಿಸುವವರೆಗೆ ಗಂಡಿನ ಹೆಸರಾಗಲಿ ಊರಾಗಲಿ ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವುದೂ ಇಲ್ಲ. ಕೇಳಿದರೆ ದೃಷ್ಟಿ ಆಗುತ್ತದೆ, ಸಂಬಂಧ ಮುರಿಯುತ್ತದೆ. ಆದ್ದರಿಂದ ಚಿಕ್ಕತ್ತೆ ಕೇಳಲಿಲ್ಲ. ಅಕ್ಕನ ಮೊಮ್ಮಗಳಿಗೆ ಗಂಡು ಗೊತ್ತುಮಾಡುತ್ತಿದ್ದಾರೆ ಎಂದು ತಾವೇ ಅರ್ಥ ಮಾಡಿಕೊಂಡು, ದಿನದಿನವೂ ಬರುವ ಸುದ್ದಿ ಕೇಳುತ್ತಾ, ದಿನದಿನವೂ ಇಳಿದುಹೋಗುತ್ತಿದ್ದರು.

ಭಾನುವಾರ ಬೆಳಿಗ್ಗೆ ಅವರು ಬಂದರು. ಜೊತೆಗೆ ಹೊಳಲಿನ ಇಬ್ಬರು ಯಜಮಾನರು. ಒಬ್ಬರಿಗೆ ದಪ್ಪ ಮೀಸೆ, ಊರಿನಲ್ಲಿ ಬದುವಿನ ಜಗಳದಿಂದ ಹಿಡಿದು ಗಂಡಹೆಂಡಿರ ಜಗಳದವರೆಗೆ ನ್ಯಾಯ ಹೇಳುವವರು. ಇನ್ನೊಬ್ಬರು ತಲೆದೂಗುವವರು. ಅತ್ತೆ ಹೇಳಿದ ಸಂಸ್ಕಾರವಂತರ ನಿಯಮ ಇವರಿಗೆ ಅನ್ವಯಿಸದ್ದರಿಂದ ಕರೆಯದೆಯೇ ಹೊಸ್ತಿಲು ದಾಟಿ ಕೂತರು. ಕಾಫಿ ತಂದರೆ ಮುಟ್ಟಲಿಲ್ಲ. ಮಾತು ಮುಗಿದ ಮೇಲೆ ಅಂದರು. ನಮ್ಮವರು ಕಾಫಿ ಮುಟ್ಟಲಿಲ್ಲ ಎಂದರೆ ದೊಡ್ಡ ವ್ಯಾಜ್ಯ ಎಂದೇ ಅರ್ಥ.

ಮೀಸೆ ಯಜಮಾನರು ಗಂಟಲು ಸರಿಮಾಡಿಕೊಂಡರು. "ಗಂಡಿನ ಮನೆ ನೋಡ್ದೆ ಎಣ್ಣು ಕೊಡೋ ಪದ್ಧತಿ ನಮ್ಮಲ್ಲಿಲ್ಲ ಕಣಮ್ಮ. ನೀವು ಓದ್ದೋರು. ನಿಮಗೆ ನಾವು ಏಳ್ಬೇಕಾ?"

ಯಾವ ಗಂಡು ಎಂದೆ. ಚಿಕ್ಕತ್ತೆ ಸೆರಗು ಬಾಯಿಗಿಟ್ಟುಕೊಂಡು ಶುರು ಮಾಡಿದರು. ನನ್ನ ಹತ್ತಿರ ಮುಚ್ಚಿಡಬೇಡ, ಅಕ್ಕ ಎಲ್ಲ ಹೇಳಿದ್ದಾಳೆ. ಆ ಹುಡುಗ ಹಗಲು ಹೊತ್ತು ಬಾಗಿಲು ಹಾಕಿಕೊಂಡು ಮಲಗುತ್ತಾನಂತೆ, ಕತ್ತಲಾದ ಮೇಲೆ ಏಳುತ್ತಾನಂತೆ. ಊಟ ಸೇರುವುದಿಲ್ಲವಂತೆ. ಕಣ್ಣು ಕೆಂಪಂತೆ. ಇದು ಯಾವ ಲಕ್ಷಣ ಎಂದು ಊರಿಗೆಲ್ಲ ಗೊತ್ತು. ಹುಡುಗಿ ಮಳವಳ್ಳಿಗೆ ಓಡಾಡುವುದರಿಂದ ಗಂಡೂ ಆ ಕಡೆಯವನೇ ಇರಬೇಕೆಂದು ಮಳವಳ್ಳಿ ಕಡೆಯೆಲ್ಲ ವಿಚಾರಿಸಿದ್ದೂ ಆಗಿದೆ. ಹೊಳೆಯಾಚೆ ಬೆಟ್ಟದ ಮೇಲೆ ಕೋಟೆಯಂಥ ಮನೆ ಯಾರದ್ದೂ ಇಲ್ಲವಂತೆ. ಅಂದರೆ ಆಸ್ತಿಯೂ ಸುಳ್ಳು.

ನನ್ನ ಮಗಳಿಗೆ ಮೊದಲು ಹೊಳೆಯಿತು. ಅವಳು ಗೋಡೆಗೆ ಒರಗಿ ಕುಸಿದು ಕೂತು, ನಗು ತಡೆಯಲಾರದೆ ನಕ್ಕು, ಒಳಗೆ ಹೋಗಿ ಪುಸ್ತಕ ತಂದು ಮೀಸೆ ಯಜಮಾನರ ಕೈಗೆ ಕೊಟ್ಟಳು. ಇವನೇ ನೋಡಿ ಗಂಡು ಅಂದಳು. ಅವರು ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು. ತಲೆದೂಗುವವರಿಗೂ ತೋರಿಸಿದರು. ರಕ್ತ ಕಮ್ಮಿ ಇರುವ ಹುಡುಗ ಅಂದರು. ಮಗಳು ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. ಚಿಕ್ಕತ್ತೆ ಕಣ್ಣೊರೆಸಿಕೊಂಡರು. ನಾಚಿಕೆಯಾಗಿತ್ತು, ಆದರೆ ಪಟ್ಟ ಸಂಕಟ ದಂಡವಾಗಬಾರದಲ್ಲ.

"ಅದ್ಸರಿ ಕಣಕ್ಕ. ಗೋಪುರದ ಬಾಗ್ಲು ತಳ್ಳುದ್ಲಲ್ಲ, ಆಮೇಲೇನಾಯ್ತು?"

ನನಗೇನು ಗೊತ್ತು, ನನ್ನ ಸೊಸೆ ಓದುವುದನ್ನು ನಿಲ್ಲಿಸಿದ್ದಾಳೆ ಅಂದರು ಅತ್ತೆ. ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ನಿಮಿಷದ ಹಿಂದೆ ಮಗಳನ್ನು ಕುಡುಕನಿಗೆ ಕೊಡುವ ತಾಯಿಯಾಗಿದ್ದೆ, ಈಗ ಕಥೆ ನಿಲ್ಲಿಸಿದ ಪಾಪಿಯಾದೆ. ಎರಡನೆಯದೇ ಹೆಚ್ಚಿನ ಅಪರಾಧ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಓದಿಬಿಡಮ್ಮ, ಇಷ್ಟು ದೂರ ಬಂದಿದ್ದೇವೆ ಎಂದು ಮೀಸೆ ಯಜಮಾನರು ಗೋಡೆಗೊರಗಿ ಆರಾಮವಾಗಿ ಕೂತರು.

ನನಗೆ ರೇಗಿಹೋಯಿತು. ನ್ಯಾಯ ಹೇಳುವವರೇ ಬಂದಿದ್ದೀರಿ, ಹೇಳಿಯೇ ಹೋಗಿ ಎಂದು ಎಲ್ಲವನ್ನೂ ಅವರ ಮುಂದೆ ಸುರಿದೆ. ಡಾಕ್ಟರು ಹೇಳಿದ್ದು, ಇವರು ಹಟ ಮಾಡಿದ್ದು, ಪುಟವನ್ನು ಸೆರಗಿನಿಂದ ಒರೆಸಿದ್ದು. ಒರೆಸಿದ್ದನ್ನು ನಾನು ನೋಡಿದ್ದೆ ಎಂಬುದು ಅತ್ತೆಗೆ ಗೊತ್ತಿರಲಿಲ್ಲ. ಅವರು ತಲೆ ತಗ್ಗಿಸಿದರು. ಮೀಸೆ ಯಜಮಾನರು ನೆಟ್ಟಗೆ ಕೂತು, ಈಗ ಅವರ ಮಾತು ಕೇಳಬೇಕು, ಅದು ಕ್ರಮ ಅಂದರು.

ನೋಡಬೇಕಾದ್ದೆಲ್ಲ ನೋಡಾಯಿತು ಎಂಬ ಹಳೆಯ ಮಾತೇ ಅತ್ತೆಯ ಬಾಯಿಂದ ಬರುತ್ತದೆಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅದು ಬರಲಿಲ್ಲ.

"ಈಗ ಮಸುಕಾಗಾರ ಕಾಣ್ತದೆ. ಇವ್ಳು ಓಡಾಡೋದು ಗೊತ್ತಾಯ್ತದೆ, ಬಾಗ್ಲು ಎಲ್ಲಿ ಅಂತ ಗೊತ್ತಾಯ್ತದೆ. ನಮ್ಮೂರಲ್ಲಿ ಆವಮ್ಮ ಕಣ್ಣು ಮಾಡಿಸ್ಕಂಡ್ಲಲ್ಲ, ಅವ್ಳಿಗೆ ಇದ್ದುದ್ದೂ ಓಯ್ತು. ನಂಗೂ ಅಂಗಾದ್ರೆ ಇವ್ಳ ಮೇಲೆ ಬಿದ್ದಂಗಲ್ವಾ? ಕೆಲ್ಸಕ್ಕೆ ಓಗೋಳು."

ಇಷ್ಟು ವರ್ಷ ನಾನು ಹಟ ಎಂದುಕೊಂಡಿದ್ದು ಇದು. ನಾನು ಲೋಟಗಳನ್ನು ಜೋಡಿಸತೊಡಗಿದೆ.

ಮಾತಾಡಿದ್ದು ಚಿಕ್ಕತ್ತೆ. ಆ ಹೆಂಗಸಿನ ಮನೆ ಅವರ ಮನೆಯ ಹಿಂದೆಯೇ. ಆಪರೇಷನ್ನಿನ ಮೂರನೆಯ ದಿನಕ್ಕೆ ಹಬ್ಬ ಬಂತೆಂದು ಆಕೆ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ, ತಲೆಗೆ ನೀರು ಸುರಿದುಕೊಂಡಿದ್ದಳಂತೆ. ಒಲೆಯ ಮುಂದೆ ಕೂತು ಹೋಳಿಗೆಯನ್ನೂ ಬೇಯಿಸಿದ್ದಳಂತೆ. ಡಾಕ್ಟರು ಬೇಡವೆಂದದ್ದನ್ನೆಲ್ಲ ಒಂದೇ ದಿನದಲ್ಲಿ ಮಾಡಿ ಮುಗಿಸಿದವಳು ಅವಳು ಎಂದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಅತ್ತೆ ತಂಗಿಯನ್ನು ಗದರಿದರು. ನೀನು ಫೋನಿನಲ್ಲಿ ನನಗೆ ಮಾತಾಡಲು ಬಿಟ್ಟರಲ್ಲವೇ ಎಂದರು ತಂಗಿ.

ಎಲೆಯಡಿಕೆ ತಟ್ಟೆ ಬಂತು. ಮೀಸೆ ಯಜಮಾನರು ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ದವಡೆಗಿಟ್ಟುಕೊಂಡು ತೀರ್ಪು ಹೇಳಿದರು. ಸೊಸೆಯಾದವಳು ಈಗಲೇ ಎಲ್ಲರ ಮುಂದೆ ಒಂದು ಅಧ್ಯಾಯ ಓದತಕ್ಕದ್ದು. ಅತ್ತೆಯಾದವರು ಬರುವ ವಾರ ಕಣ್ಣು ಮಾಡಿಸತಕ್ಕದ್ದು. ಮಿಕ್ಕ ಭಾಗವನ್ನು ಅತ್ತೆಯೇ ಓದತಕ್ಕದ್ದು, ಅಲ್ಲಿಯವರೆಗೆ ಯಾರೂ ಕದ್ದು ಓದತಕ್ಕದ್ದಲ್ಲ. ಇನ್ನೊಬ್ಬರು ತಲೆದೂಗಿದರು. ಕಾಫಿ ಆರಿಹೋಗಿತ್ತು, ಬಿಸಿ ಮಾಡಿ ಕೊಟ್ಟೆ. ಆ ಅಧ್ಯಾಯವೆಲ್ಲ ಗೋಪುರದ ಒಳಗಿನ ಕತ್ತಲೆಯ ವರ್ಣನೆಯೇ ಆಗಿತ್ತು. ಹುಡುಗಿ ಒಂದೇ ಒಂದು ಮಾತೂ ಆಡಲಿಲ್ಲ. ಯಜಮಾನರಿಗೆ ಮೋಸ ಹೋದ ಹಾಗೆನಿಸಿತು. ಆದರೆ ತೀರ್ಪು ಅವರದೇ.

ಆಪರೇಷನ್ನು ಸುಸೂತ್ರವಾಗಿ ಆಯಿತು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಕಪ್ಪು ಕನ್ನಡಕ ಹಾಕಿಸಿ ಕಳಿಸಿದರು. ಬಿಸಿಲಿಗೆ ಬರಬೇಡಿ, ಒಲೆಯ ಹತ್ತಿರ ಹೋಗಬೇಡಿ, ತಲೆಗೆ ನೀರು ಹಾಕಬೇಡಿ, ಗಟ್ಟಿ ಪದಾರ್ಥ ಅಗಿಯಬೇಡಿ ಎಂದರು. ಹಾಗಾಗಿ ಅತ್ತೆ ಹಗಲೆಲ್ಲ ಕೋಣೆಯಲ್ಲಿ ಮಲಗಿ, ಹೊತ್ತು ಮುಳುಗಿದ ಮೇಲೆ ಕಪ್ಪು ಕನ್ನಡಕದಲ್ಲಿ ಮೆಲ್ಲಗೆ ಜಗಲಿಗೆ ಬರುತ್ತಿದ್ದರು. ಕೋಣೆಯ ಕಿಟಕಿಗೆ ನನ್ನ ಹಳೇ ಕಪ್ಪು ಸೀರೆಯನ್ನು ಪರದೆಯಾಗಿ ಹೊಲಿದು ಹಾಕಿದ್ದೆ. ಹೊಲಿಯುವಾಗ ಸೂಜಿಯೂ ಚುಚ್ಚಿತ್ತು. ಅಜ್ಜಿ, ನಿಮ್ಮನ್ನು ಎಲ್ಲೋ ಓದಿದ ಹಾಗಿದೆಯಲ್ಲ ಎಂದಳು ಮಗಳು. ಅತ್ತೆಗೆ ಅದು ಹೊಳೆದು, ಬಾಯಿ ಮುಚ್ಚಿಕೊಂಡು ನಕ್ಕರು. ಅಗಿಯಬಾರದು ಎಂದಿದ್ದರೂ ಮುದ್ದೆಗೆ ಅಡ್ಡಿಯಿರಲಿಲ್ಲ, ಅದನ್ನು ನುಂಗುವುದು ತಾನೇ. ತಾವು ಅವನಿಗಿಂತ ಮೇಲು ಎಂಬುದಕ್ಕೆ ಅತ್ತೆ ಇದನ್ನೇ ಆಧಾರವಾಗಿ ಕೊಟ್ಟರು. ಕಪ್ಪು ಕನ್ನಡಕ ತೆಗೆದ ದಿನ ಕನ್ನಡಿ ತರಿಸಿಕೊಂಡು, ನಾನು ಕಾಣುತ್ತಿದ್ದೇನೆ ಎಂದು ಎಲ್ಲರಿಗೂ ಸಾರಿದರು.

ಓದುವ ಕನ್ನಡಕ ಬಂದ ಮೇಲೆ ಪುಸ್ತಕ ಕೈಗೆತ್ತಿಕೊಂಡರು. ಜಗಲಿಯ ಮೂಲೆಯಲ್ಲಿ ಕೂತು, ತುಟಿ ಅಲುಗಿಸುತ್ತಾ, ಯಾರ ಜೊತೆಯೂ ಮಾತಾಡದೆ ಓದಿದರು. ಫೋನಿನಲ್ಲಿ ತಂಗಿ ಕೇಳಿದರೂ ಹೇಳಲಿಲ್ಲ. ನಾನು ಕೇಳಿದರೆ, ಆಣೆ ಹಾಕಿದವಳು ನೀನೇ ತಾನೆ ಎಂದರು. ನನಗೆ ರೈಲಿನಲ್ಲಿ ಕೂತರೂ ಆ ಗೋಪುರದ ಯೋಚನೆಯೇ.

ಒಂದು ಸಂಜೆ ಮದ್ದೂರಿನಿಂದ ಬಂದಾಗ ಪುಸ್ತಕ ಮುಚ್ಚಿ ಪಕ್ಕದಲ್ಲಿಟ್ಟಿತ್ತು. ಮುಗೀತಾ ಅತ್ತೆ ಎಂದೆ. ಅವರು, ಇಲ್ಲಿ ಬಾ, ಬೆಳಕಿಗೆ ಕೂತುಕೋ ಎಂದರು. ಕೂತೆ. ನನ್ನ ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಬೈತಲೆಯಿಂದ ಕೂದಲು ಸರಿಸಿ ನೋಡಿದರು.

"ಇಷ್ಟೊಂದು ನರೆತು ಓಗೈತಲ್ಲಮ್ಮ. ಯಾವಾಗ?"

ಬಹಳ ದಿನವಾಯಿತು ಎಂದೆ. ಕಣ್ಣ ಕೆಳಗಿನ ಕಪ್ಪನ್ನು ಹೆಬ್ಬೆರಳಿನಿಂದ ಸವರಿ, ಇದು ಎಂದರು. ನಿಮ್ಮ ಜೊತೆ ಜಗಳವಾಡಿ ಆಡಿ ಬಂದದ್ದು ಎಂದೆ. ಅವರು ನಗಲಿಲ್ಲ. ಪೊರೆ ಬರುವ ಮುಂಚೆ ಕಂಡಿದ್ದ ಮುಖವೇ ಇಷ್ಟು ದಿನ ಅವರ ಕಣ್ಣಲ್ಲಿ ನನ್ನ ಮುಖವಾಗಿತ್ತು ಎಂದು ನನಗೆ ಆಗ ಹೊಳೆಯಿತು. ಮಾತು ತಿರುಗಿಸಲು, ಹುಡುಗಿ ಏನು ಮಾಡಿದಳು ಎಂದು ಕೇಳಿದೆ.

"ನಮ್ಮುಡ್ಗಿ ಅವನಂಗೇ ಆಗ್ಬುಟ್ಲು. ಇನ್ನು ಅವ್ಳಿಗೆ ವಯಸ್ಸೇ ಆಗಾಕಿಲ್ವಂತೆ. ಬರ್ದೋರು ಅದ್ನೇ ದೊಡ್ಡ ಸುಖ ಅಂತ ಬರ್ದವ್ರೆ." ಪುಸ್ತಕವನ್ನು ಇನ್ನೂ ಸ್ವಲ್ಪ ದೂರಕ್ಕೆ ತಳ್ಳಿದರು. "ನಂಗೆ ಇಡಿಸ್ನಿಲ್ಲ ಕಣಮ್ಮ. ಅವ್ಳ ಅತ್ತೆ ಅನ್ನೋಳು ಇದ್ದು, ಇಂಗೆ ಕಣ್ಣು ಮಾಡಿಸ್ಕಂಡು ಬಂದಿದ್ರೆ, ಅವ್ಳ ಮಖದಲ್ಲಿ ನೋಡಾಕೆ ಏನಿರೋದು? ನಿಂದು ನೋಡೋದಿತ್ತು."

ಒಳಗೆ ಹೋಗಿ ಎಣ್ಣೆ ಬಟ್ಟಲು ತಂದರು. ನನ್ನ ಹಿಂದೆ ಕೂತು ಹೆರಳು ಬಿಚ್ಚಿ, ನರೆತದ್ದನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಾ ಎಣ್ಣೆ ಹಚ್ಚತೊಡಗಿದರು. ಮುದ್ದೆಗೆ ನೀರಿಡುವ ಹೊತ್ತಾಗಿತ್ತು. ನಾನು ಏಳಲಿಲ್ಲ.